ಹಡಗಿನ ಸರ್ಟಿಫಿಕೇಟ್ ಹೊತ್ತು ಬೇರೆ ದೇಶಕ್ಕೆ: ನನ್ನ ಅನುಭವ

ಹೆಂಡತಿಗೆ ಬ್ರಿಟನ್ನಿನಲ್ಲಿ ಕೆಲಸ ಸಿಕ್ಕಾಗ ನಾನು ರಜೆಗೆಂದು ಬಸವನಗುಡಿಯ ಮನೆಗೆ ಬಂದಿದ್ದೆ. ಸರಕು ಹಡಗಿನಲ್ಲಿ ಸೆಕೆಂಡ್ ಎಂಜಿನಿಯರ್ ನಾನು. ಚೆನ್ನೈಯಲ್ಲಿ ಓರಲ್ಸ್ (ಮೌಖಿಕ ಪರೀಕ್ಷೆ) ಪಾಸಾಗಿ ಪಡೆದ ಎಂಇಒ ಕ್ಲಾಸ್ 2 ಸಿಒಸಿ, ಅಂದರೆ ಹಡಗಿನ ಎಂಜಿನಿಯರ್ ಆಗಲು ಬೇಕಾದ ಅರ್ಹತಾ ಸರ್ಟಿಫಿಕೇಟ್, ಕೈಯಲ್ಲಿತ್ತು. ವೀಸಾ ಬಂದರೆ ಸಾಕು, ಅಲ್ಲಿನ ಹಡಗು ಹತ್ತಬಹುದು ಅಂದುಕೊಂಡಿದ್ದೆ. ಆದರೆ ವೀಸಾ ಬೇರೆ, ಸರ್ಟಿಫಿಕೇಟ್ ಬೇರೆ. ಬ್ರಿಟನ್ ಬಾವುಟದ ಹಡಗಿನಲ್ಲಿ ಅಧಿಕಾರಿಯಾಗಬೇಕಾದರೆ ಅಲ್ಲಿನ ಕಡಲ ಇಲಾಖೆ ಎಂಸಿಎ ಕೊಡುವ ಸಿಇಸಿ (ಸರ್ಟಿಫಿಕೇಟ್ ಆಫ್ ಇಕ್ವಿವಲೆಂಟ್ ಕಾಂಪಿಟೆನ್ಸಿ) ಬೇಕು.

ಇದು ಹೊಸ ಸಿಒಸಿ ಅಲ್ಲ. 'ನಿಮ್ಮ ಸಿಒಸಿಯನ್ನು ನಾವು ಒಪ್ಪಿದ್ದೇವೆ' ಎನ್ನುವ ಕಾಗದ. ನಾವಿಕರ ತರಬೇತಿ, ಅರ್ಹತೆ ಕುರಿತ 1978ರ ಅಂತರರಾಷ್ಟ್ರೀಯ ಎಸ್‌ಟಿಸಿಡಬ್ಲ್ಯು ಒಪ್ಪಂದದ ಪ್ರಕಾರ ಇಂಥ ಒಪ್ಪಿಗೆ 5 ವರ್ಷಕ್ಕಿಂತ ಜಾಸ್ತಿ ನಡೆಯುವುದಿಲ್ಲ. ಭಾರತದ ಸಿಒಸಿ ಅವಧಿ ಮುಗಿದರೆ ಅದೂ ಮುಗಿಯಿತು. ಮರ ಒಣಗಿದ ಮೇಲೆ ಬಂದಳಿಕೆ ಉಳಿಯುತ್ತದೆಯೇ? ನನ್ನ ಸ್ಥಾನಕ್ಕೆ ಆ ದೇಶದ ಕಡಲ ಕಾನೂನೂ ತಿಳಿದಿರಬೇಕು. ಓದಿಕೊಂಡೆ, ಅದೇನೂ ಕಷ್ಟವಾಗಲಿಲ್ಲ.

ಕಷ್ಟವಾಗಿದ್ದು ನನ್ನ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್: ಒಂದು ಊರು, ಇನ್ನೊಂದು ಅಪ್ಪ. ಹಡಗು ಹತ್ತಿ ಇಳಿದದ್ದನ್ನು ದಾಖಲಿಸುವ ನಾವಿಕರ ಪುಸ್ತಕ, ಸಿಡಿಸಿಯಲ್ಲೂ ಹಾಗೇ. ಪಾಸ್‌ಪೋರ್ಟಿನಲ್ಲಿ ಮಾತ್ರ ಎರಡನ್ನೂ ಬಿಡಿಸಿ ಸರ್‌ನೇಮ್ ಜಾಗದಲ್ಲಿ ತುಂಬಿದ್ದಾರೆ. ನಮ್ಮ ಕಡೆ ಇದು ಮನೆಮನೆಯ ಕಥೆ, ಅಲ್ವಾ? ದೂರದಲ್ಲಿ ಕೂತು ಫೈಲ್ ನೋಡುವವರಿಗೆ ಮಾತ್ರ ಇಬ್ಬರು ಮನುಷ್ಯರಂತೆ ಕಾಣುತ್ತದೆ. ಸೊಸೈಟಿಯಲ್ಲಿ ಇ-ಸ್ಟಾಂಪ್ ಪೇಪರ್ ತೆಗೆಸಿ, ಎರಡೂ ಹೆಸರು ನನ್ನದೇ ಎಂದು ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ ಅರ್ಜಿಯ ಜತೆ ಇಟ್ಟೆ.

ಆಮೇಲೆ ಸೀ ಟೈಮ್, ಅಂದರೆ ಹಡಗಿನಲ್ಲಿ ಕೆಲಸ ಮಾಡಿದ ದಿನಗಳ ಲೆಕ್ಕ. ಹಳೇ ಕಾಗದಗಳನ್ನೆಲ್ಲ ಅಮ್ಮ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಇಟ್ಟಿದ್ದರು. ನುಸಿಗುಳಿಗೆ ವಾಸನೆಯ ಸಿಡಿಸಿಯನ್ನು ಊಟದ ಮೇಜಿನ ಮೇಲೆ ಬಿಡಿಸಿ, ಆ ದಿನಗಳಿಗೆ ಕಂಪನಿ ಕೊಟ್ಟ ಪತ್ರಗಳನ್ನು ಪಕ್ಕದಲ್ಲಿಟ್ಟು, ಒಂದೊಂದೇ ಸೈನ್ ಆನ್, ಸೈನ್ ಆಫ್ ತಾಳೆ ನೋಡಿದೆ. ನಾಲ್ಕನೇ ಹಡಗಿನಲ್ಲಿ ಸಿಕ್ಕಿತು. ಸಿಡಿಸಿ ಮುದ್ರೆಯಲ್ಲಿ ಇಳಿದ ದಿನ 14, ಪತ್ರದಲ್ಲಿ 11. ಇನ್ನೊಂದು ಪತ್ರದಲ್ಲಿ ಎಂಜಿನ್ ಎಷ್ಟು ಕಿಲೋವ್ಯಾಟ್ ಅಂತಲೇ ಇರಲಿಲ್ಲ. ಎಂಜಿನ್ 3,000 ಕಿಲೋವ್ಯಾಟ್ ಗೆರೆಗಿಂತ ಕೆಳಗೋ ಮೇಲೋ ಎನ್ನುವುದರ ಮೇಲೇ ನಮ್ಮ ದರ್ಜೆ ನಿಲ್ಲುವುದು! ತಿದ್ದಿದ ಪತ್ರ ತರಿಸಲು ಆರು ವಾರ ಹಿಡಿಯಿತು. ದಿನಾ ಫೋನು, ದಿನಾ 'ನಾಳೆ ಕಳಿಸ್ತೀವಿ ಸರ್'. ಹಡಗಿನಿಂದ ಇಳಿಯುವ ದಿನವೇ ಪತ್ರ ಓದಿ ನೋಡಿ ಅಂತ ಈಗ ಜೂನಿಯರ್‌ಗಳಿಗೆಲ್ಲ ಹೇಳುತ್ತೇನೆ.

ಸಿಇಸಿ ಬಂದಾಗ ಗೆಳೆಯನೊಬ್ಬ ಕೇಳಿದ: "ಇನ್ನು ಇಂಡಿಯಾದ ಸಿಒಸಿ ಯಾಕೆ, ಸುಮ್ನೆ ದುಡ್ಡು ದಂಡ." ದಯವಿಟ್ಟು ಹಾಗೆ ಮಾಡಬೇಡಿ. ನವೀಕರಣಕ್ಕೆ 5 ವರ್ಷದಲ್ಲಿ 12 ತಿಂಗಳು, ಇಲ್ಲವೇ ಕೊನೆಯ 6 ತಿಂಗಳಲ್ಲಿ 3 ತಿಂಗಳು ಸೀ ಟೈಮ್ ತೋರಿಸಬೇಕು. ಹೊಸ ದೇಶದಲ್ಲಿ ಮನೆ, ಮಕ್ಕಳ ಸ್ಕೂಲು ಅಂತ ದಡದಲ್ಲೇ ಎರಡು ವರ್ಷ ಕಳೆದುಹೋಗುವುದು ಗೊತ್ತೇ ಆಗುವುದಿಲ್ಲ. ನಾನು ಮುಗಿಯುವ ತಾರೀಖಿನಿಂದ ಹಿಂದಕ್ಕೆ ಎಣಿಸಿ, ಯಾವ ತಿಂಗಳು ಹಡಗು ಹತ್ತಬೇಕು ಎನ್ನುವುದನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ.