ಬೆಳಗ್ಗೆ ಆರಕ್ಕೆ 42 ಡಿಗ್ರಿ

ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಕುಂಬಳೆ ಸುತ್ತಮುತ್ತ ಮದುವೆಯ ಮುನ್ನಾದಿನದ ಮದರಂಗಿ ರಾತ್ರಿಯ ಅಡುಗೆಗೆ ಹೋಗಲು ಶುರುಮಾಡಿ ಹದಿನೆಂಟು ವರ್ಷವಾಯಿತು. ಕೋಳಿ ಗಸಿ ಅಂದರೆ ತೆಂಗಿನಕಾಯಿ ಹಾಕಿದ ದಪ್ಪ ಸಾರು, ಸುಕ್ಕ ಅಂದರೆ ಅದೇ ಕೋಳಿಯ ಒಣ ಪಲ್ಯ, ನೀರುದೋಸೆ, ರೊಟ್ಟಿ. ಹೆಚ್ಚುಕಮ್ಮಿ ಇಷ್ಟೇ ನನ್ನ ಅಡುಗೆ. ಮಾಡಿಟ್ಟದ್ದು ಹಾಳಾಗಿದೆಯೋ ಇಲ್ಲವೋ ನೋಡಲು ಮೊದಲ ಎಂಟು ವರ್ಷ ನನ್ನ ಹತ್ತಿರ ಇದ್ದದ್ದು ಮೂಗು ಒಂದೇ. ಒಳ್ಳೆಯ ಮೂಗೇ. ತೆಂಗಿನಕಾಯಿ ಒಡೆದ ಕೂಡಲೇ ಕೊಳೆತದ್ದು ಗೊತ್ತಾಗುತ್ತಿತ್ತು.

ಆ ಮೂಗನ್ನು ನಂಬಿ ಕೆಟ್ಟದ್ದು ಒಂದು ಮದುವೆ ಮನೆಯಲ್ಲಿ. ಮುನ್ನೂರು ಜನ ಅಂತ ಹೇಳಿದ್ದರು. ಸಂಜೆ ಜೋರು ಮಳೆ ಹೊಡೆಯಿತು, ಬಂದದ್ದು ಇನ್ನೂರು. ಗಸಿ ಸುಮಾರು ನಲವತ್ತು ಲೀಟರ್ ಉಳಿಯಿತು. ರಾತ್ರಿ ಹತ್ತು ಗಂಟೆಗೆ ಇನ್ನೊಮ್ಮೆ ಚೆನ್ನಾಗಿ ಕುದಿಸಿ ಮುಚ್ಚಳ ಹಾಕಿದೆವು. ಬೆಕ್ಕು ಬರಬಾರದೆಂದು ಮುಚ್ಚಳದ ಮೇಲೆ ಕಲ್ಲು ಬೇರೆ ಇಟ್ಟು ಮಲಗಿದೆವು.

ಬೆಳಗ್ಗೆ ಮುಚ್ಚಳ ತೆಗೆದರೆ ಘಮಘಮ. ರಾತ್ರಿಗಿಂತ ರುಚಿ ಜಾಸ್ತಿ ಅಂತ ಎಲ್ಲರೂ ಹೇಳಿದರು. ಒಲೆಗಿಟ್ಟೆವು. ತೆಂಗಿನಕಾಯಿ ಹಾಕಿದ ದಪ್ಪ ಗಸಿ ಬೇಗ ಅಡಿ ಹಿಡಿಯುತ್ತದೆ, ಅದಕ್ಕೆ ಉರಿ ಸಣ್ಣ ಮಾಡಿದೆ. ಅಂಚಿನಲ್ಲಿ ಗುಳುಗುಳು ಬಂತು, ಇಳಿಸಿದೆ. ನಡುವೆ ಎಷ್ಟು ಬಿಸಿಯಾಗಿದೆ ಅಂತ ನೋಡಿದವರು ಯಾರು? ಮದುವೆಯವರು ಹಾಲ್‌ಗೆ ಹೋದ ಮೇಲೆ ನಾವು ಕೆಲಸದವರು, ಸಹಾಯಕ್ಕೆ ಬಂದ ನೆರೆಕರೆಯವರು ನೀರುದೋಸೆ ಜೊತೆ ಹೊಟ್ಟೆ ತುಂಬ ತಿಂದೆವು. ಆಗ ಹತ್ತು ಗಂಟೆ. ರಾತ್ರಿ ಎಂಟೂವರೆಗೆ ನನಗೆ ಹೊಟ್ಟೆ ನುಲಿಯಲು ಶುರುವಾಯಿತು. ಅಷ್ಟರಲ್ಲಿ ಇನ್ನೂ ಏಳೆಂಟು ಮನೆಗಳಲ್ಲಿ ಇದೇ ಕತೆ. ವಾಂತಿ ಇಲ್ಲ, ಜ್ವರ ಇಲ್ಲ. ಬರೀ ಹೊಟ್ಟೆನೋವು, ಭೇದಿ. ಮರುದಿನ ಸಂಜೆಗೆ ಎಲ್ಲರೂ ಎದ್ದು ಕೂತರು. ಪುಣ್ಯ, ಮದುಮಗಳು ಆ ಗಸಿ ಮುಟ್ಟಿರಲಿಲ್ಲ.

ಯಾರೂ ಪರೀಕ್ಷೆ ಮಾಡಿಸಲಿಲ್ಲ. ಆದರೆ ನಮ್ಮನ್ನು ನೋಡಿದ ಡಾಕ್ಟರು ಹೊತ್ತು ಕೇಳಿ, ಪಾತ್ರೆಯ ಗಾತ್ರ ಕೇಳಿ, ಒಂದು ಹೆಸರು ಹೇಳಿದರು: ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ನಾಲಿಗೆಗೆ ಹಿಡಿಯಲು ಎರಡು ದಿನ ಬೇಕಾಯಿತು. ಈ ಬ್ಯಾಕ್ಟೀರಿಯಾಕ್ಕೆ ಬೀಜದಂಥ ಒಂದು ರೂಪ ಉಂಟು. ಅದು ಕುದಿಯುವ ಸಾರಿನಲ್ಲೂ ಸಾಯುವುದಿಲ್ಲ. ಸಾರು ಆರಿ ಬೆಚ್ಚಗಾಗುತ್ತಾ ಬಂದಾಗ ಮೊಳಕೆ ಒಡೆಯುತ್ತದೆ. ಕುದಿಸಿದಾಗ ಗಾಳಿ ಹೊರಹೋದ ದಪ್ಪ ಗಸಿ ಅದಕ್ಕೆ ಹೇಳಿ ಮಾಡಿಸಿದ ಜಾಗ, ಯಾಕೆಂದರೆ ಗಾಳಿ ಇಲ್ಲದ ಕಡೆಯೇ ಅದು ಬೆಳೆಯುವುದು. ಮಾಂಸದ ಅಡುಗೆಯಲ್ಲಿ 43ರಿಂದ 47 ಡಿಗ್ರಿ ಒಳಗೆ ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಲೆಕ್ಕ ಹಾಕಿ ನೋಡಿದೆ. ಒಂದು ಇದ್ದದ್ದು ಎರಡು ಗಂಟೆಯಲ್ಲಿ ನಾಲ್ಕು ಸಾವಿರ ದಾಟುತ್ತದೆ. ವಾಸನೆ ಬರುವುದಿಲ್ಲ, ನೊರೆ ಬರುವುದಿಲ್ಲ.

ಹುಳಿ ವಾಸನೆ, ನೊರೆ ಬರಿಸುವ ಸೂಕ್ಷ್ಮಜೀವಿಗಳೇ ಬೇರೆ, ಹೊಟ್ಟೆ ಕೆಡಿಸುವವು ಬೇರೆ. ಎಂಟು ವರ್ಷ ನನ್ನ ಮೂಗು ಮೊದಲಿನದ್ದನ್ನು ಮಾತ್ರ ಹಿಡಿಯುತ್ತಿತ್ತು.

ಚುಚ್ಚಿ ನೋಡುವ ಥರ್ಮಾಮೀಟರ್ ಒಂದು ತರಿಸಿದೆ. ಕೆಲವು ನೂರು ರೂಪಾಯಿಯ ಮಾಲು. ಮೊದಲು ಪುಡಿಮಾಡಿದ ಐಸ್ ನೀರಿನಲ್ಲಿ ಅದ್ದಿದೆ, ಸೊನ್ನೆ ತೋರಿಸಿತು. ಕುದಿಯುವ ನೀರಿನಲ್ಲಿ ನೂರರ ಹತ್ತಿರ. ಸರಿ, ನಂಬಬಹುದು. ಆಮೇಲೆ ಅದೇ ಪಾತ್ರೆಗೆ ನಲವತ್ತು ಲೀಟರ್ ಬರೀ ನೀರು ತುಂಬಿ ಕುದಿಸಿ, ರಾತ್ರಿ ಹತ್ತಕ್ಕೆ ಮುಚ್ಚಿಟ್ಟೆ. ಪರೀಕ್ಷೆಗೆ ಅಂತ ಕೋಳಿ ಹಾಳುಮಾಡಲು ಮನಸ್ಸು ಬರಲಿಲ್ಲ. ಎರಡು ಗಂಟೆಗೊಮ್ಮೆ ಎದ್ದು ಬ್ಯಾಟರಿ ಹಿಡಿದು ಹೋಗಿ ಚುಚ್ಚಿದೆ. "ಪಾತ್ರೆಗೆ ಜ್ವರವಾ ಹೇಗೆ?" ಅಂತ ಹೆಂಡತಿ ಮಲಗಿದಲ್ಲಿಂದಲೇ ಕೇಳಿದಳು.

ಹನ್ನೆರಡಕ್ಕೆ 73. ಎರಡಕ್ಕೆ 59. ನಾಲ್ಕಕ್ಕೆ 49. ಬೆಳಗ್ಗೆ ಆರಕ್ಕೆ 42.

ಆ 42 ನೋಡಿ ಅಲ್ಲೇ ಕೂತುಬಿಟ್ಟೆ. ಸಾರು ಆರಿದೆ ಅಂತ ನಾವು ಅಂದುಕೊಂಡಿದ್ದೆವು. ಅದು ಆರಿರಲೇ ಇಲ್ಲ. ಕೋಳಿ ಮೊಟ್ಟೆಗೆ ಕಾವು ಕೊಟ್ಟ ಹಾಗೆ ಇಡೀ ಮುಂಜಾವು ಕಾವು ಕೊಟ್ಟಿದ್ದೆವು. ಗಸಿ ನೀರಿಗಿಂತ ದಪ್ಪ, ಆರುವುದು ಇನ್ನೂ ನಿಧಾನ.

ನಿಯಮ ಹೇಳುವುದು ಸುಲಭ. ಬಿಸಿ ಅಡುಗೆ 60 ಡಿಗ್ರಿಗಿಂತ ಮೇಲೆ ಇರಬೇಕು, ತಣ್ಣಗಿಡುವುದು 5ಕ್ಕಿಂತ ಕೆಳಗೆ. ಹಾಗೇ ಹೊರಗಿಟ್ಟರೆ ನಡುವಿನ ಹೊತ್ತು ಎರಡು ಗಂಟೆ ಮೀರಬಾರದು. ಸೆಕೆ 32 ದಾಟಿದರೆ ಒಂದೇ ಗಂಟೆ. ನಮ್ಮಲ್ಲಿ ಮಾರ್ಚ್, ಏಪ್ರಿಲ್ ಮಧ್ಯಾಹ್ನ 32 ದಾಟದ ದಿನ ಯಾವುದು ಹೇಳಿ? ಅಂದರೆ ಮದುವೆ ಸೀಸನ್ನಿನಲ್ಲಿ ಹಗಲು ಹೊತ್ತು ಒಂದು ಗಂಟೆ ಅಂತಲೇ ಲೆಕ್ಕ ಇಟ್ಟುಕೊಂಡಿದ್ದೇನೆ.

ಕಷ್ಟ ಇರುವುದು ಆರಿಸುವುದರಲ್ಲಿ. 60ರಿಂದ 21ಕ್ಕೆ ಎರಡು ಗಂಟೆಯಲ್ಲಿ ಇಳಿಯಬೇಕು, ಅಲ್ಲಿಂದ 5ಕ್ಕೆ ಇನ್ನು ನಾಲ್ಕು ಗಂಟೆಯಲ್ಲಿ. ಮೊದಲ ಸಲ ಹತ್ತು ಲೀಟರಿನ ಪಾತ್ರೆಯನ್ನು ಬಾವಿ ನೀರು ತುಂಬಿದ ಟಬ್ಬಿನಲ್ಲಿ ಇಟ್ಟೆ. ಬೇಗ ಇಳಿಯಿತು, ಖುಷಿಯಾಯಿತು. ಮೂವತ್ತರ ಹತ್ತಿರ ಬಂದು ನಿಂತೇ ಹೋಯಿತು. ನಿಲ್ಲದೆ ಮತ್ತೇನು, ನಮ್ಮ ಬಾವಿ ನೀರೇ 27 ಡಿಗ್ರಿ! ಐಸ್ ಬೇಕೇ ಬೇಕು. ಮೀನಿನವರ ಹತ್ತಿರ ಐಸ್ ಸಿಗುತ್ತದೆ. ಆದರೆ ಅದನ್ನು ಪಾತ್ರೆಯ ಹೊರಗೆ ಹಾಕಲು ಮಾತ್ರ ತರುತ್ತೇನೆ. ಅದು ಕುಡಿಯುವ ನೀರಿನ ಐಸ್ ಅಲ್ಲ, ಒಂದು ಹನಿ ಒಳಗೆ ಹಾರಿದರೂ ಮಾಡಿದ ಕೆಲಸ ದಂಡ.

ಈಗ ಉಳಿದ ಗಸಿಯನ್ನು ಅಗಲದ ಸ್ಟೀಲ್ ತಟ್ಟೆಗಳಿಗೆ ಎರಡು ಇಂಚಿಗಿಂತ ಆಳ ಇಲ್ಲದ ಹಾಗೆ ಸುರಿಯುತ್ತೇವೆ. ತಟ್ಟೆಯ ಅಡಿಗೆ ಐಸ್ ನೀರು, ಮೇಲಿಂದ ಫ್ಯಾನ್. ಐದೈದು ನಿಮಿಷಕ್ಕೆ ತೊಳೆದ ಸೌಟಿನಲ್ಲಿ ಮಗುಚುವುದು. ಮುಚ್ಚಳ ಹಾಕುವುದು ತಣ್ಣಗಾದ ಮೇಲೆಯೇ. ಆಮೇಲೆ ಫ್ರಿಜ್. ಬಿಸಿ ಪಾತ್ರೆಯನ್ನು ಸೀದಾ ಮನೆಯ ಫ್ರಿಜ್‌ಗೆ ತುರುಕಿದರೆ ಒಳಗಿರುವ ಹಾಲು, ಮೊಸರೂ ಬೆಚ್ಚಗಾಗುತ್ತದೆ. ಒಂದೆರಡು ಕಿಲೋ ಆದರೆ ಸಣ್ಣ ಸಣ್ಣ ಡಬ್ಬಿಗೆ ಹಾಕಿ ಇಡಬಹುದು. ಮರುದಿನ ಬಿಸಿ ಮಾಡುವಾಗ ಥರ್ಮಾಮೀಟರ್ ಚುಚ್ಚುವುದು ಪಾತ್ರೆಯ ನಟ್ಟನಡುವಿಗೆ, ಅಂಚಿಗಲ್ಲ. 74 ಬರದೆ ಇಳಿಸುವುದಿಲ್ಲ.

ನಿಜ ಹೇಳಬೇಕೆಂದರೆ ಇಷ್ಟೆಲ್ಲ ಒದ್ದಾಡುವುದಕ್ಕಿಂತ ಉಳಿಸದೆ ಇರುವುದೇ ಸುಲಭ. ಮುನ್ನೂರು ಜನ ಅಂದರೆ ಮೊದಲು ಇನ್ನೂರಕ್ಕೆ ಮಾತ್ರ ಬೇಯಿಸುತ್ತೇನೆ. ಉಳಿದ ಹಸಿ ಕೋಳಿ ಮಸಾಲೆ ಹಚ್ಚಿಕೊಂಡು ಐಸ್ ಬಾಕ್ಸಿನಲ್ಲಿ ಕಾಯುತ್ತದೆ. ಒಂಬತ್ತೂವರೆಗೆ ಅಂಗಳದ ಜನ ನೋಡಿ ಎರಡನೇ ಒಲೆ ಹಚ್ಚುತ್ತೇವೆ. ಒಣ ರೊಟ್ಟಿಯ ಚಿಂತೆಯೇ ಇಲ್ಲ, ಅದರಲ್ಲಿ ನೀರಿನ ಅಂಶ ತೀರ ಕಡಿಮೆ ಇರುವ ಕಾರಣ ಪ್ಯಾಕೆಟಿನಲ್ಲಿ ವಾರಗಟ್ಟಲೆ ಇರುತ್ತದೆ. ಕೆಡದೆ ಕಾಯಲಾರದ್ದು ಬೇಯಿಸಿದ ಕೋಳಿ.

ನನ್ನ ಅತ್ತೆಗೆ ಇದು ಯಾವುದೂ ಒಪ್ಪಿಗೆ ಇಲ್ಲ. "ನಿನ್ನೆಯ ಮೀನು ಸಾರು ಮೂರು ದಿನ ಕುದಿಸಿ ಕುದಿಸಿ ತಿಂದವರು ನಾವು. ಎಂತ ಆಯ್ತು ನಮಗೆ?" ಎನ್ನುತ್ತಾರೆ. ಅವರ ಮಾತಿನಲ್ಲೂ ಸತ್ಯ ಉಂಟು. ಅದು ಸಣ್ಣ ಮಣ್ಣಿನ ಪಾತ್ರೆ, ಹುಳಿ ಜಾಸ್ತಿ, ದಿನಕ್ಕೆರಡು ಸಲ ಬತ್ತುವಷ್ಟು ಕುದಿ. ನಲವತ್ತು ಲೀಟರ್ ಕೋಳಿ ಗಸಿಗೆ ಆ ಲೆಕ್ಕ ಹಿಡಿಯಲು ಆಗುತ್ತದಾ? ಈಗ ಮೀನು ಸಾರನ್ನೂ ನಾನು ಫ್ರಿಜ್ಜಲ್ಲೇ ಇಡುತ್ತೇನೆ, ಅತ್ತೆಗೆ ಗೊತ್ತಾಗದ ಹಾಗೆ.

ಕುದಿಸಿದರೆ ಎಲ್ಲ ಸರಿಯಾಗುತ್ತದೆ ಅನ್ನುವ ನಂಬಿಕೆಯನ್ನು ಪೂರ್ತಿ ಬಿಟ್ಟದ್ದು ಸುಕ್ಕದಿಂದ. ಸುಕ್ಕಕ್ಕೆ ಕೊನೆಗೆ ಹುರಿದ ತೆಂಗಿನಕಾಯಿ ಹಾಕಿ ಕಲಸುತ್ತೇವೆ. ಹಿಂದೆ ಕೈಯಿಂದಲೇ ಕಲಸುತ್ತಿದ್ದೆವು. ಸ್ಟ್ಯಾಫಿಲೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಮನುಷ್ಯರ ಮೂಗು, ಚರ್ಮ, ಕೀವಾದ ಗಾಯದಲ್ಲಿ ಇರುತ್ತದೆ. ಅದು ಬೆಚ್ಚಗಿನ ಅಡುಗೆಯಲ್ಲಿ ಬೆಳೆದು ವಿಷ ಬಿಟ್ಟಿತೆಂದರೆ, ಕುದಿಸಿದಾಗ ಅದು ಸಾಯುತ್ತದೆ, ವಿಷ ಹೋಗುವುದಿಲ್ಲ. ತಿಂದ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ವಾಂತಿ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ವಾಂತಿ ಬರಿಸುವ ವಿಷವೂ ಹೀಗೇ, ಕುದಿಸಿದರೂ ಹೋಗುವುದಿಲ್ಲ. ಈಗ ಸುಕ್ಕಕ್ಕೆ ಎರಡು ಸೌಟು, ಕೈ ಇಲ್ಲ. ಬೆರಳಿಗೆ ಪಟ್ಟಿ ಕಟ್ಟಿದ ಹುಡುಗನಿಗೆ ಅವತ್ತು ಕುರ್ಚಿ ಜೋಡಿಸುವ ಕೆಲಸ.

2022ರ ಮೇ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ಹಲವರು ಆಸ್ಪತ್ರೆ ಸೇರಿದರು, ಹದಿನಾರು ವರ್ಷದ ಹುಡುಗಿಯೊಬ್ಬಳು ತೀರಿಕೊಂಡಳು. ಪರೀಕ್ಷೆಯಲ್ಲಿ ಶಿಗೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಸಿಕ್ಕಿತು. ಅದು ಕೊಳಕು ಕೈ, ಕೊಳಕು ನೀರಿನಿಂದ ಬರುವಂಥದ್ದು. ಆ ಸುದ್ದಿ ಬಂದ ವಾರ ನನ್ನ ಹುಡುಗರಿಗೆ ಸೋಪಿನ ಬಗ್ಗೆ ನಾನು ಏನೂ ಹೇಳಬೇಕಾಗಲಿಲ್ಲ. 2023ರಲ್ಲಿ ಕೇರಳ ಸರ್ಕಾರ ಪಾರ್ಸೆಲ್ ಮೇಲೆ ತಯಾರಿಸಿದ ಹೊತ್ತು, ಯಾವಾಗಿನ ಒಳಗೆ ತಿನ್ನಬೇಕು ಎಂದು ಬರೆದ ಚೀಟಿ ಇರಲೇಬೇಕು ಎಂದಿತು. ಹೋಟೆಲಿನವರಿಗೆ ಅಂತ ಬಂದ ನಿಯಮ, ನಾನೂ ಹಿಡಿದುಕೊಂಡೆ. ನೆಂಟರು ಕಟ್ಟಿಸಿಕೊಂಡು ಹೋಗುವ ಡಬ್ಬಿಗೆ ಕನ್ನಡದಲ್ಲೂ ಮಲಯಾಳದಲ್ಲೂ ಹೊತ್ತು ಬರೆದು ಅಂಟಿಸುತ್ತೇವೆ. ನನ್ನ ಮಲಯಾಳ ಅಕ್ಷರ ನೋಡಿ ನಗುವವರು ನಗುತ್ತಾರೆ. ಹೊತ್ತು ಮಾತ್ರ ಎಲ್ಲರಿಗೂ ಓದಲು ಬರುತ್ತದೆ.

ಹೋದ ಏಪ್ರಿಲ್‌ನಲ್ಲಿ ಒಂದು ಮನೆ. ರಾತ್ರಿ ಒಂದು ಗಂಟೆಗೆ ಪಾತ್ರೆ ತೊಳೆಯುವಾಗ ಚಪ್ಪರದ ಮೂಲೆಯ ಮೇಜಿನ ಮೇಲೆ ನಾಲ್ಕು ಕಿಲೋದಷ್ಟು ಸುಕ್ಕ ಸಿಕ್ಕಿತು. ಬಡಿಸುವವರು ತಂದಿಟ್ಟು ಮರೆತದ್ದು. ಚುಚ್ಚಿದೆ, 31. ಯಾವಾಗ ತಂದದ್ದು ಅಂತ ಕೇಳಿದೆ. ಒಬ್ಬ ಒಂಬತ್ತು ಅಂದ, ಇನ್ನೊಬ್ಬ ಹನ್ನೊಂದು ಅಂದ. ಮನೆಯ ಯಜಮಾನರು ಬಂದು ಮೂಸಿ ನೋಡಿದರು. "ಎಂತ ಮಾರಾಯ, ಒಳ್ಳೆದುಂಟಲ್ಲ. ಬೆಳಿಗ್ಗೆ ಮಕ್ಕಳು ತಿಂತಾರೆ" ಎಂದರು. ನಾಯಿಗೂ ಹಾಕಬೇಡಿ ಬಾವ ಎಂದು ಹೇಳಿ, ಹಾರೆ ಕೇಳಿ, ತೆಂಗಿನ ಬುಡದಲ್ಲಿ ಆಳಕ್ಕೆ ಗುಂಡಿ ತೆಗೆದು ಹಾಕಿದೆ. ಅವರು ಮತ್ತೆ ಮಾತಾಡಲಿಲ್ಲ. ಮರುದಿನ ಲೆಕ್ಕ ಚುಕ್ತಾ ಮಾಡುವಾಗ ಆ ನಾಲ್ಕು ಕಿಲೋದ ದುಡ್ಡು ಹಿಡಿದುಕೊಂಡು ಉಳಿದದ್ದನ್ನು ಕೊಟ್ಟರು. ಎಣಿಸಿ ಕಿಸೆಗೆ ಹಾಕಿಕೊಂಡೆ.