ಮಗಳ ಜೊತೆ ಜಗಳವಾದ ರಾತ್ರಿ ಏನು ಮಾಡಬೇಕು

"ಎಲ್ಲಿದ್ದಿ? ಯಾರ ಜೋಡಿ ಇದ್ದಿ? ಮಂದಿ ಏನಂತಾರ?" ಮಗಳು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ನನ್ನ ಮೂರು ಪ್ರಶ್ನೆ ಮುಗಿದಿದ್ದವು. ಹುಬ್ಬಳ್ಳಿಯ ಕಾಲೇಜಿನಿಂದ ಚಿಗರಿ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದಳು. ಆ ರಾತ್ರಿ ಊಟ ಮಾಡಲಿಲ್ಲ.

ಅದಕ್ಕೇ ಹೇಳುತ್ತೇನೆ, ಬಾಗಿಲಲ್ಲಿ ಏನೂ ಕೇಳಬೇಡಿ. ನೀರು ಕೊಡಿ. ನಾನೀಗ ರೊಟ್ಟಿ ಬಡಿಯುವಾಗ ಮಾತು ತೆಗೆಯುತ್ತೇನೆ. ಅವಳು ಕಟ್ಟೆಗೆ ಒರಗಿ ನಿಂತಿರುತ್ತಾಳೆ, ನನ್ನ ಕಣ್ಣು ಹಿಟ್ಟಿನ ಮೇಲೆ. ಮುಖ ನೋಡುವ ತಾಪತ್ರಯವಿಲ್ಲ, ಮಾತು ಸಲೀಸು. ಸಿಟ್ಟು ಬಂದರೆ ರೊಟ್ಟಿ ತೆಳ್ಳಗಾಗುತ್ತದೆ, ಅಷ್ಟೇ.

ಪ್ರಶ್ನೆಗಿಂತ ಮುಂಚೆ ನಿಮ್ಮ ಹೆದರಿಕೆ ಹೇಳಿ. "ಫೋನ್ ಎತ್ತಲಿಲ್ಲ, ನನಗ ಜೀವದಾಗ ಜೀವ ಇರಲಿಲ್ಲ." ಇದು ನನಗೆ ಭಾಳ ಕಷ್ಟವಾಯಿತು. ರೋಣದ ಕಡೆಯ ನಮ್ಮ ಮನೆಯಲ್ಲಿ ಅವ್ವ ಹೆದರಿದಾಗಲೂ ಬೈದೇ ತೋರಿಸುತ್ತಿದ್ದಳು. ನಾವು ತಿರುಗಿ ಮಾತಾಡಿದರೆ ಅದು ಎದುರುತ್ತರ.

ಅಮೆರಿಕದಲ್ಲಿ ನೆಲೆಸಿದ ಮೆಕ್ಸಿಕೊ ಮೂಲದ ಮನೆಗಳ ಬಗ್ಗೆ ಓದಿದಾಗ ನಗು ಬಂತು. ಮನೆಮಂದಿಯೇ ಮೊದಲು ಎನ್ನುವುದು ಅವರಲ್ಲಿ 'ಫಮಿಲಿಸ್ಮೊ', ಹಿರಿಯರಿಗೆ ತಗ್ಗಿ ನಡೆಯುವುದು 'ರೆಸ್ಪೆತೊ'. ಮಕ್ಕಳು ಇಂಗ್ಲಿಷನ್ನೂ ಅಲ್ಲಿನ ರೀತಿಯನ್ನೂ ಬೇಗ ಕಲಿಯುತ್ತಾರೆ, ತಾಯಂದಿರು ನಿಧಾನ. ಜಗಳ ಅಲ್ಲೇ ಹುಟ್ಟುತ್ತದೆ. ನಾನು ರೋಣ ಬಿಟ್ಟು ಧಾರವಾಡಕ್ಕೆ ಬಂದವಳು, ದೇಶ ಬಿಟ್ಟವಳಲ್ಲ. ಆದರೂ ಕಥೆ ಅದೇ, ಅಲ್ವಾ?

ಜಗಳವನ್ನು ಬಳಗಕ್ಕೆ ಸುದ್ದಿ ಮಾಡಬೇಡಿ. ನಾನು ತಂಗಿಗೆ ಫೋನ್ ಮಾಡಿ ಅತ್ತೆ. ಮರುದಿನ ಅವಳು ಮಗಳಿಗೆ ಬುದ್ಧಿ ಹೇಳಿದಳು. ಎರಡು ದಿನ ಮನೆಯಲ್ಲಿ ಮಾತಿಲ್ಲ.

ತಪ್ಪು ನಿಮ್ಮದಿದ್ದರೆ "ತಪ್ಪಾತು ಮಗಳ" ಅನ್ನಿ. ಹಿಂದೆಯೇ "ಆದರ" ಸೇರಿಸಬೇಡಿ.

ಒಂದು ವಿಷಯ ಮಾತ್ರ ಬೇರೆ. ಎರಡು ವಾರ ಸರಿಯಾಗಿ ನಿದ್ದೆ ಇಲ್ಲ, ಊಟ ಬೇಡ, ಇಷ್ಟದ ಕೆಲಸವೂ ಬೇಡ ಅಂದರೆ ಅದನ್ನು ಜಗಳದ ಲೆಕ್ಕಕ್ಕೆ ಹಾಕಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕಾಸು ಬೇಡ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ. "ಹುಚ್ಚರ ದವಾಖಾನಿ" ಅಂತ ಮೂಗು ಮುರಿಯುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ಸಾಯುವ ಮಾತು ಬಂದರಂತೂ ಎರಡು ವಾರ ಕಾಯುವ ಪ್ರಶ್ನೆಯೇ ಇಲ್ಲ, ಆಗಲೇ ಹೊರಡಿ.

ಮೊನ್ನೆ ಮೆಸೇಜ್ ಬಂತು: "ಬಸ್ ನವನಗರ ದಾಟೇತಿ. ಹೆದರಬ್ಯಾಡ." ಯಾರ ಜೋಡಿ ಅಂತ ಬರೆದಿರಲಿಲ್ಲ. ನಾನೂ ಕೇಳಲಿಲ್ಲ. ಕೇಳುವ ಮನಸ್ಸಂತೂ ಇತ್ತು.