ಪಿಲಿಕುಳ: ಪೂರ್ತಿ ನೋಡುವ ಹಟ ಬಿಟ್ಟು ಹೊರಡಿ

ಮಂಗಳೂರಿನ ಹತ್ತಿರದ ನಿಸರ್ಗಧಾಮ ಪಿಲಿಕುಳ. ತುಳುವಿನಲ್ಲಿ ಪಿಲಿ ಎಂದರೆ ಹುಲಿ, ಕುಳ ಎಂದರೆ ಕೊಳ. ಹುಲಿ ನೀರು ಕುಡಿಯಲು ಬರುತ್ತಿದ್ದ ಕೆರೆಯಂತೆ. ಬಸ್ ಹತ್ತಿದ ಕೂಡಲೇ ಮಕ್ಕಳಿಗೆ ಇಷ್ಟು ಹೇಳಿಬಿಡಿ, ಉಳಿದ ದಾರಿಯಿಡೀ ಪ್ರಶ್ನೆ ಅವರದೇ.

ಹೊರಡುವ ಮುಂಚೆ ವಾರ ನೋಡಿಕೊಳ್ಳಿ. ಸೋಮವಾರ ಪ್ರಾಣಿಗಳಿಗೆ ರಜೆ. ನಾವು ಒಮ್ಮೆ ಸೋಮವಾರವೇ ಹೋಗಿ, ಬೊಂಡ ಕುಡಿದು ವಾಪಸ್ ಬಂದವರು! ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಮೂಡುಬಿದಿರೆ ಕಡೆಯ ಬಸ್ಸಿನಲ್ಲಿ ವಾಮಂಜೂರಿಗೆ ಬಂದು, ಅಲ್ಲಿಂದ ರಿಕ್ಷಾ ಹಿಡಿದರಾಯಿತು.

ಜಾಗ 350 ಎಕರೆಗೂ ಜಾಸ್ತಿ. ಒಂದೇ ದಿನದಲ್ಲಿ ಎಲ್ಲ ಮುಗಿಸಲು ಹೊರಟರೆ ಸಂಜೆಗೆ ಮಗು ನಿಮ್ಮ ಹೆಗಲ ಮೇಲಿರುತ್ತದೆ.

ಬೆಳಿಗ್ಗೆ ಮೊದಲು ಶಿವರಾಮ ಕಾರಂತರ ಹೆಸರಿನ ಜೈವಿಕ ಉದ್ಯಾನಕ್ಕೆ ಹೋಗಿ. ಸೆಕೆ ಏರಿದ ಮೇಲೆ ಹುಲಿ ನೆರಳಲ್ಲಿ ಬಿದ್ದುಕೊಳ್ಳುತ್ತದೆ, ಬಾಲ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಕಾಳಿಂಗ ಸರ್ಪದ ಹತ್ತಿರ ಮಾತ್ರ ಅವಸರ ಮಾಡಬೇಡಿ. ಒಣ ಎಲೆಗಳನ್ನು ಮೈಯಿಂದಲೇ ಒಟ್ಟುಮಾಡಿ, ಗೂಡು ಕಟ್ಟಿ ಮೊಟ್ಟೆ ಇಡುವ ಹಾವು ಅದು. ಅದರ ಊಟವೂ ಹೆಚ್ಚಾಗಿ ಬೇರೆ ಹಾವುಗಳೇ. ಇದನ್ನು ಹೇಳಿದ ಮೇಲೆ ನನ್ನ ಮಗಳು ಗಾಜಿನ ಮುಂದಿನಿಂದ ಕದಲಲೇ ಇಲ್ಲ. 'ಹಾಗಾದ್ರೆ ಅದಕ್ಕೆ ಫ್ರೆಂಡ್ಸೇ ಇಲ್ವಾ?' ಅಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಮಧ್ಯಾಹ್ನದ ಬಿಸಿಲಿಗೆ ಸೂರಿನ ಕೆಳಗಿರಿ: ವಿಜ್ಞಾನ ಕೇಂದ್ರ, ಇಲ್ಲವೇ 2018ರಲ್ಲಿ ಶುರುವಾದ ಸ್ವಾಮಿ ವಿವೇಕಾನಂದ ತಾರಾಲಯ. ಕನ್ನಡ ಪ್ರದರ್ಶನ ಎಷ್ಟು ಗಂಟೆಗೆ ಎಂದು ಮೊದಲೇ ಕೇಳಿಕೊಳ್ಳಿ. ತೀರಾ ಪುಟ್ಟ ಮಕ್ಕಳು ಕತ್ತಲೆಗೆ ಅಳಬಹುದು, ಬಾಗಿಲ ಹತ್ತಿರದ ಸೀಟೇ ವಾಸಿ.

ಬಿಸಿಲು ಇಳಿದ ಮೇಲೆ ಗುತ್ತಿನ ಮನೆ, ಅಂದರೆ ತುಳುನಾಡಿನ ಹಳೇ ಜಮೀನ್ದಾರರ ಮನೆಯ ಮಾದರಿ. ಮರದ ಕಂಬಗಳ ಕೆತ್ತನೆ ಮಕ್ಕಳಿಗೆ ಅಷ್ಟಾಗಿ ಹಿಡಿಸದು, ಅಂಗಳದಲ್ಲಿ ಓಡುವುದೇ ಅವರಿಗೆ ಖುಷಿ. ಸುಮ್ನೆ ಬಿಟ್ಟುಬಿಡಿ. ಕುಶಲಕರ್ಮಿಗಳ ಗ್ರಾಮದಲ್ಲಿ ಕುಂಬಾರರು ಕೆಲಸದಲ್ಲಿದ್ದರೆ ಮಾತ್ರ ನಿಲ್ಲಲೇಬೇಕು. ತಿರುಗುವ ಮಣ್ಣಿಗೆ ಬೆರಳು ತಾಗಿಸಿದ್ದೇ ತಡ, ಮಡಕೆಯ ಕುತ್ತಿಗೆ ಓರೆಯಾಗುತ್ತದೆ. ಮಗುವಿನ ಮುಖ ನೋಡಬೇಕು ಆಗ! ಒಂದು ಜೊತೆ ಬಟ್ಟೆ ಜಾಸ್ತಿ ಇಟ್ಟುಕೊಳ್ಳಿ ಅನ್ನುವುದು ಇದಕ್ಕೇ.

ಕೊನೆಗೆ ಕೆರೆ. ಕಾಲಲ್ಲಿ ಬಲ ಉಳಿದಿದ್ದರೆ ಪೆಡಲ್ ದೋಣಿ ಹತ್ತಿ. ಇಲ್ಲವಾದರೆ ದಡದಲ್ಲಿ ಕೂತು ತಿಂಡಿ ಡಬ್ಬಿ ಬಿಚ್ಚಿ.